ಸೀನಿದ ಗೆರೆ

ದಾರ್ ಎಸ್ ಸಲಾಮ್
೯ ಫೆಬ್ರವರಿ ೧೯೯೭

ನನ್ನ ಮುದ್ದಿನ ಮುದಿ ಹೆಂಡತಿ ರುಫಿನಾಳಿಗೆ,

ನಿನ್ನ ಗಂಡ ಕ್ಷೇಮ. ಆದರೆ ಚಂದೂಭಾಯಿಯ ಕ್ಷೇಮ ಹೇಳಲಾರೆ. ನಮ್ಮ ಬೊಂಬೆ ಕೆತ್ತುವವರ ಪತ್ರಗಳೆಲ್ಲ ಅವನ ಅಂಗಡಿಯ ವಿಳಾಸಕ್ಕೇ ಬರುವುದು. ಹೋದ ಸಲ ನೀನು ಲಕೋಟೆಯ ಮೇಲೆ 'ನನ್ನ ಗಂಡ ತಿಯೋಫಿಲೊನಿಗೆ, ಹೆಂಡತಿ ರುಫಿನಾಳಿಂದ, ವಯಸ್ಸು ಅರವತ್ತೈದು' ಎಂದು ಬರೆದೆಯಲ್ಲ, ಅದನ್ನು ಓದಿ ಅವನು ಕುರ್ಚಿ ಹಿಡಿದುಕೊಂಡ. "ಮಗಳ ಮಗ ಅಂದ್ರೆ ಅಜ್ಜಿಗೆ ಗಂಡ, ನಮ್ಮಲ್ಲಿ ಎಲ್ಲರೂ ಹೀಗೇ ತಮಾಷೆ ಮಾಡ್ತಾರೆ" ಎಂದೆ. "ತಮಾಷೆಯೇ ಹೀಗಿದ್ರೆ ನಿಮ್ಮ ಜನ ಗಂಭೀರವಾದಾಗ ಏನು ಮಾಡ್ತಾರಪ್ಪಾ" ಎಂದ.

ಈಗ ನಾನು ಗಂಭೀರವಾಗುತ್ತೇನೆ, ನೋಡು.

ನಮ್ಮೂರಿನ ಹಿರಿಯ ಲಿಪಾಂಗಾ ತಾತ ನನಗೊಂದು ಕೆಲಸ ಹೇಳಿ ಕಳಿಸಿದ್ದಾನೆ. ಬೀಜದ ಜೋಳಕ್ಕೆ ಸಂಬಂಧಿಸಿದ್ದು. ಅದು ಗಂಡಸರ ವಿಷಯ, ನಿನಗೆ ಬೇಡ. ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಆದರೆ ಪರದೇಶದ ಗಿರಾಕಿಯೊಬ್ಬ ಒಂದು ಹೆಂಗಸಿನ ಮುಖ ಬೇಕೆಂದು ಕೇಳಿದ್ದಾನೆ. ನಮ್ಮಮ್ಮನ ಮುಖವನ್ನೇ ಮಾಡೋಣ ಅನ್ನಿಸಿತು. ಉಳಿ ಹಿಡಿದು ಕೂತೆ. ಕೂತವನು ಕೂತೇ ಇದ್ದೆ.

ಅಜ್ಜೀ, ನನ್ನೊಳಗೆ ಅಮ್ಮನ ಮುಖವೇ ಇಲ್ಲ.

ಇದೆ ಎಂದುಕೊಂಡೇ ಇಪ್ಪತ್ತೆಂಟು ವರ್ಷ ಬದುಕಿದ್ದೆ. ಪೆಟ್ಟಿಗೆಯಲ್ಲಿದೆ ಎಂದು ನಂಬಿದ ವಸ್ತುವಿಗಾಗಿ ಪೆಟ್ಟಿಗೆ ತೆರೆದರೆ ಪೆಟ್ಟಿಗೆಯ ತಳ ಮಾತ್ರ ಕಂಡ ಹಾಗಾಯಿತು. ಅವಳ ಬೆನ್ನು ನೆನಪಿದೆ. ಹೊಗೆ ಹಿಡಿದ ಬಟ್ಟೆಯ ವಾಸನೆ ನೆನಪಿದೆ. ಕತ್ತಿನ ಹಿಂದೆ, ಕೂದಲು ಶುರುವಾಗುವಲ್ಲಿ, ಕಡಲೆಬೀಜದಷ್ಟು ದೊಡ್ಡ ಮಚ್ಚೆ. ಅದಕ್ಕೆ ಮೂಗು ತಾಗಿಸಿಕೊಂಡು ನಿದ್ದೆ ಹೋಗುತ್ತಿದ್ದೆ. ಮೂರು ವರ್ಷ ಬೆನ್ನ ಮೇಲೇ ಇದ್ದವನಿಗೆ ಕತ್ತು ಗೊತ್ತು, ಮುಖ ಎಲ್ಲಿ ಗೊತ್ತು? ಸಿಲ್ವೇರಿಯೊ ಮಾವನಿಗೆ ಅವನ ಅಕ್ಕನ ಮುಖ ಗೊತ್ತಿತ್ತು. ಅವನೂ ನಾನೂ ಇಪ್ಪತ್ತು ವರ್ಷ ಒಂದೇ ಚಪ್ಪರದಡಿ ಕೆತ್ತಿದೆವು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಅವನು ತೀರಿಕೊಂಡು ಎರಡು ವರ್ಷ. ಈಗ ಮನೆಯಲ್ಲಿ ಉಳಿದವಳು ನೀನೊಬ್ಬಳೇ.

ಹಣೆಯಿಂದ ಗದ್ದದವರೆಗೆ, ಒಂದು ಗೆರೆಯನ್ನೂ ಬಿಡದೆ ಬರೆ.

ನಿನ್ನ ಗಂಡ,
ತಿಯೋಫಿಲೊ


ಮುವೇಡಾ ದಿಣ್ಣೆ
೨ ಮಾರ್ಚ್ ೧೯೯೭

ನನ್ನ ಪುಟ್ಟ ಗಂಡನಿಗೆ,

ಬೀಜದ ಜೋಳ ಗಂಡಸರ ವಿಷಯ ಎಂಬುದು ತಿಳಿಯಿತು. ಬಿತ್ತುವವರು ನಾವು, ಕಳೆ ಕೀಳುವವರು ನಾವು, ಕುಟ್ಟುವವರೂ ನಾವು. ಆದರೂ ಬೀಜ ಗಂಡಸರ ವಿಷಯವೇ ಇರಬೇಕು, ನಾನು ತಲೆ ಹಾಕುವುದಿಲ್ಲ.

ಊರಿನ ಸುದ್ದಿ: ಹನ್ನೊಂದು ವರ್ಷದ ಮೇಲೆ ಈ ಬೇಸಿಗೆ ನಮ್ಮ ಹುಡುಗರನ್ನು ದೀಕ್ಷೆಗೆ ಕಾಡಿನ ಗುಡಿಸಲಿಗೆ ಕಳಿಸುತ್ತಾರೆ. ಅವರು ಗಂಡಸರಾಗಿ ಹೊರಗೆ ಬರುವ ದಿನ, ಅವರನ್ನು ನೋಡಲು ಸತ್ತವರ ಲೋಕದಿಂದ ಮಾಪಿಕೊ ಬಂದು ಕುಣಿಯುತ್ತಾನೆ. ಅವನಿಗೆ ಮುಖ ಎಲ್ಲಿಂದ ಬರುತ್ತದೋ ನಮಗೆ ಹೆಂಗಸರಿಗೆ ಗೊತ್ತಿಲ್ಲ. ಗೊತ್ತಿರಲೂ ಬಾರದು. ಹಿಂದಿನ ಸಲ ಅವನು ಬಲಗಾಲು ಎಳೆದುಕೊಂಡು ಕುಣಿದ. ಪಕ್ಕದ ಮನೆಯ ಡೊಮಿಂಗೊಸ್ ಕೂಡ ಬಲಗಾಲು ಎಳೆಯುತ್ತಾನೆ. ಸತ್ತವರಿಗೂ ಡೊಮಿಂಗೊಸ್‌ಗೂ ಒಂದೇ ಕಾಯಿಲೆ ಪಾಪ, ಎಂದುಕೊಂಡು ನಾನೂ ಗೆಳತಿ ಹೆಲೆನಾಳೂ ಚೆನ್ನಾಗಿ ಚೀರಿ ಓಡಿದೆವು. ಚೀರುವುದರಲ್ಲಿ ಈ ದಿಣ್ಣೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ನಿನ್ನ ಗಿರಾಕಿ ಮರದ ಹೆಂಗಸು ಕೇಳಿದ್ದು ಹೊಸದೇನಲ್ಲ. ನಮ್ಮ ಮೊದಲ ಗಂಡಸೂ ಅದನ್ನೇ ಮಾಡಿದ. ಸ್ನಾನ ಕಾಣದವನು, ಕೂದಲು ಕತ್ತರಿಸದವನು, ಕಾಡಿನಲ್ಲಿ ಒಬ್ಬನೇ ಬೇಸತ್ತು ಮರದಲ್ಲಿ ಒಂದು ಹೆಂಗಸನ್ನು ಕೆತ್ತಿ ಗುಡಿಸಲ ಮುಂದೆ ನಿಲ್ಲಿಸಿದ. ಬೆಳಗಾಗುವುದರೊಳಗೆ ಅವಳಿಗೆ ಜೀವ ಬಂತು. ಕಣ್ಣು ಬಿಟ್ಟವಳು ಮೊದಲು "ಹೋಗಿ ಸ್ನಾನ ಮಾಡು" ಎಂದಿರಬೇಕು, ಕಥೆ ಹೇಳುವ ಗಂಡಸರು ಅದನ್ನು ಬಿಟ್ಟುಬಿಡುತ್ತಾರೆ. ಹೊಳೆಯ ದಂಡೆಯಲ್ಲಿ ಅವರಿಗೆ ಹುಟ್ಟಿದ ಮಗು ಸತ್ತಿತು. ಇಳಿಜಾರಿನ ನಡುವೆ ಹುಟ್ಟಿದ್ದೂ ಸತ್ತಿತು. ದಿಣ್ಣೆಯ ನೆತ್ತಿಯಲ್ಲಿ ಹುಟ್ಟಿದ ಮೂರನೆಯದು ಬದುಕಿತು. ಅದಕ್ಕೇ ನಾವು ಹನಿ ನೀರಿಲ್ಲದ ಈ ದಿಣ್ಣೆಯನ್ನು ಬಿಡುವುದಿಲ್ಲ. ದಿನವೂ ಕೆಳಗಿಳಿದು ನೀರು ಹೊತ್ತು ಹತ್ತುತ್ತೇವೆ. ಹತ್ತುವವರು ಹೆಂಗಸರು, ಕಥೆ ಹತ್ತಿಸುವವರು ಗಂಡಸರು.

ಸರಿ, ನಿನ್ನ ಅಮ್ಮ ಮರ್ಸೆಲಾ. ಹಣೆ ಅಗಲ, ಸ್ವಲ್ಪ ಮುಂದೆ ಬಂದಿದೆ. ಕಣ್ಣುಗಳ ನಡುವೆ ಬೆರಳೆರಡು ಹಿಡಿಸುವಷ್ಟು ದೂರ. ರೆಪ್ಪೆ ಭಾರ, ನಿದ್ದೆಯಿಂದ ಈಗಷ್ಟೇ ಎದ್ದವಳ ಹಾಗೆ. ಮೂಗು ಗಿಡ್ಡ. ಮೇಲ್ತುಟಿಯಲ್ಲಿ ಕರಿಮರದ ಸಣ್ಣ ಬಿಲ್ಲೆ. ಗದ್ದ ಚೂಪು. ಕೆನ್ನೆಗಳ ಮೇಲೆ ಮೂರು ಮೂರು ಗೆರೆ, ಬಾವಲಿಯ ರೆಕ್ಕೆಯ ಹಾಗೆ ಮಡಿಚಿ ಮಡಿಚಿ ಹೋಗಿವೆ. ಒಂದನ್ನು ಮಾತ್ರ ಮರೆಯಬೇಡ. ಎಡಗೆನ್ನೆಯ ಮೂರನೆಯ ಗೆರೆ ನಡುವೆ ತುಂಡಾಗಿ ಕೆಳಕ್ಕೆ ಜಾರಿದೆ. ಗೆರೆ ಕೊಯ್ಯುವಾಗ ಹುಡುಗಿ ಸೀನಿಬಿಟ್ಟಳು, ಕತ್ತಿ ಜಾರಿತು. ಹುಡುಗಿಯ ಜೊತೆ ಗೆರೆಯೂ ಸೀನಿತು ಎಂದು ಊರೆಲ್ಲ ನಕ್ಕಿತ್ತು.

ಇಷ್ಟೇ. ಇನ್ನೂ ಕೇಳಬೇಡ, ಕಣ್ಣು ನೋಯುತ್ತದೆ.

ನಿನ್ನ ಹೆಂಡತಿ,
ರುಫಿನಾ


ದಾರ್ ಎಸ್ ಸಲಾಮ್
೨೦ ಏಪ್ರಿಲ್ ೧೯೯೭

ಹೆಂಡತಿಗೆ,

ಗಿರಾಕಿಯ ಬೊಂಬೆ ಮುಗಿಯಿತು. ಅದೇ ಹೊತ್ತಿಗೆ ಬೀಜದ ಜೋಳವೂ ಸಿಕ್ಕಿತು. ಗೋಣಿಚೀಲದಲ್ಲಿ ಹೊಲಿದು ಕಸ್ಸಿಮುವಿನ ಲಾರಿಯಲ್ಲಿ ಲಿಪಾಂಗಾ ತಾತನಿಗೆ ಕಳಿಸಿದ್ದೇನೆ. ಚೀಲ ಗುಂಡಗಿದ್ದರೆ, ಹಗುರವಿದ್ದರೆ, ಆಶ್ಚರ್ಯಪಡಬೇಡ. ಈಚೆಗೆ ಜೋಳ ಹಾಗೇ ಬರುತ್ತಿದೆ.

ಮೂರು ವಾರ ಆ ಮುಖದ ಎದುರು ಕೂತೆ. ಬೇರೆ ಕೆಲಸ ಮಾಡುವಾಗ ಬಾಯಿ ಬಿಡುವಿಲ್ಲದೆ ಆಡುವವನು ನಾನು. ಈ ಸಲ ನನ್ನ ಪಕ್ಕದಲ್ಲಿ ಕೂತು ಕೆತ್ತುವವರು ನನಗೆ ಜ್ವರವೇ ಎಂದು ಕೇಳಿದರು. ಹಣೆ ಬಂತು, ರೆಪ್ಪೆ ಬಂತು. ಕೊನೆಗೆ ಆ ಸೀನಿದ ಗೆರೆ ಎಳೆದೆ ನೋಡು, ಮರ ನನ್ನ ಕಡೆ ತಿರುಗಿದ ಹಾಗಾಯಿತು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು "ಅಮ್ಮಾ" ಎಂದೆ. ಓಗೊಡಲಿಲ್ಲ. ಆದರೆ ಹಾಗೆ ಕರೀಬೇಡ ಅನ್ನಲೂ ಇಲ್ಲ.

ಅಮ್ಮನ ಬಗ್ಗೆ ಬೇರೆಯವರ ಬಾಯಲ್ಲಿ ನಾನು ಕೇಳಿದ್ದು ಬಿಳಿಯರ ವಿರುದ್ಧದ ಯುದ್ಧ, ಬಾಂಬು ಹಾಕಿದ ವಿಮಾನ, ಗೆಣಸಿನ ಹೊಲ, ಅಷ್ಟೇ. ಅವಳು ಸತ್ತ ವಿಷಯ. ಬದುಕಿದ್ದಾಗ ಏನು ಮಾಡಿದಳು ಎಂದು ನನಗೆ ಗೊತ್ತಾದ ಮೊದಲ ಸಂಗತಿ ಇದು: ಅವಳು ಒಂದು ದಿನ ಸೀನಿದ್ದಳು. ಈಗ ನನಗೆ ಸೀನು ಬಂದಾಗಲೆಲ್ಲ ಅವಳ ಮಗ ಅನ್ನಿಸುತ್ತದೆ. ಮರದ ಹೊಟ್ಟಿನಲ್ಲಿ ಕೂತವನಿಗೆ ಸೀನಿಗೇನು ಕೊರತೆ? ದಿನಕ್ಕೆ ಇಪ್ಪತ್ತು ಸಲ ಮಗನಾಗುತ್ತೇನೆ.

ನಿನಗೆ ಋಣಿಯಾದ ಗಂಡ,
ತಿಯೋಫಿಲೊ


ಮುವೇಡಾ ದಿಣ್ಣೆ
೨೨ ಸೆಪ್ಟೆಂಬರ್ ೧೯೯೭

ತಿಯೋಫಿಲೊ,

ನಿನ್ನ ಹೆಂಡತಿ ಮೊನ್ನೆ ಶನಿವಾರ ಮಧ್ಯಾಹ್ನ ಸತ್ತಳು. ಅದನ್ನು ತಿಳಿಸಲು ಈ ಪತ್ರ.

ಹುಡುಗರು ಹೊರಗೆ ಬಂದಿದ್ದರು. ಹೊಸ ಬಟ್ಟೆ, ತಲೆಗೆ ಎಣ್ಣೆ. ತಮಟೆಗಳು ಮೊದಲು ಸಣ್ಣಗೆ, ಆಮೇಲೆ ದೊಡ್ಡದು ಸೇರಿಕೊಂಡಿತು. ಕಾಡಿನ ಕಡೆಯಿಂದ ಮಾಪಿಕೊ ಬಂದ. ಮೈತುಂಬ ಬಟ್ಟೆ ಬಿಗಿದುಕೊಂಡು, ಗಂಟೆ ಕಟ್ಟಿಕೊಂಡು, ಬಲಗಾಲು ಎಳೆಯುತ್ತಾ ಬಂದ. ನಾವು ಹೆಂಗಸರು ಪದ್ಧತಿಯಂತೆ ಚೀರಿ ತಿರುಗಿದೆವು. ಓಡುವ ಮೊದಲು ಒಂದು ಸಲ ಹಿಂದೆ ನೋಡುವುದೂ ಪದ್ಧತಿ. ನೋಡಿದೆ.

ನಾನಲ್ಲಿ ಕುಣಿಯುತ್ತಿದ್ದೆ.

ಹದಿನೆಂಟು ವರ್ಷದ ನಾನು. ಭಾರದ ರೆಪ್ಪೆ, ಚೂಪು ಗದ್ದ. ಎಡಗೆನ್ನೆಯ ಮೇಲೆ ನನ್ನ ಸೀನು.

ಹೆಂಗಸರೆಲ್ಲ ಓಡಿದ ಮೇಲೆ ಬಯಲಲ್ಲಿ ನಾನೊಬ್ಬಳೇ ನಿಂತಿದ್ದೆ, ನನ್ನ ಎದುರಿಗೆ ನಾನು. ಹತ್ತಿರ ಬಂದ ಮಾಪಿಕೊ ನಿಂತುಬಿಟ್ಟ. ಅವನ ತೆರೆದ ಬಾಯೊಳಗೆ ಎರಡು ಕಣ್ಣು ಇದ್ದವು ಎಂದು ನಾನು ಹೇಳುವುದಿಲ್ಲ, ನನಗೆ ಅದೆಲ್ಲ ಗೊತ್ತಿಲ್ಲ. ಆದರೆ ಆ ಬಾಯಿ ನನ್ನ ಕೆನ್ನೆ ನೋಡಿತು. "ಅಯ್ಯೋ, ರುಫಿನಕ್ಕಾ" ಎಂದಿತು. ಸತ್ತವರು ಮಾತಾಡುವುದಿಲ್ಲ, ತಿಯೋಫಿಲೊ. ಮಾತಾಡಿದ್ದು ಅದೇ ಮೊದಲು. ತಮಟೆಗಳು ಒಂದೊಂದಾಗಿ ಸತ್ತವು.

ತಮಾಷೆಯ ಮುಖಗಳಾದರೆ ಯಾರದ್ದೂ ಇರಬಹುದು. ಬಿಳಿ ಅಧಿಕಾರಿಯದ್ದು, ಕುಡುಕನದ್ದು, ಬದುಕಿರುವ ಲಿಪಾಂಗಾನದ್ದು ಕೂಡ. ಹುಡುಗರು ಹೊರಬರುವ ದಿನ ಬರುವ ಮುಖ ಹಾಗಲ್ಲ. ಅದು ಹೋದವರದ್ದು. ಮುಖ ಕುಣಿಯಿತೆಂದರೆ ಮನುಷ್ಯ ಹೋದ ಎಂದೇ. ತಪ್ಪಾಗಿದೆ ಎಂದು ಯಾರಾದರೂ ಹೇಳಬೇಕಲ್ಲ? ಹೇಳುವಂತಿಲ್ಲ. ತಪ್ಪಾಗಬೇಕಾದರೆ ಮಾಡಿದವನೊಬ್ಬ ಇರಬೇಕು. ಆ ಮುಖವನ್ನು ಯಾರೂ ಮಾಡುವುದಿಲ್ಲ, ಅದು ತಾನೇ ಬರುತ್ತದೆ. ಗಂಡಸರು ಬಾಯಿ ಬಿಟ್ಟರೆ ಗುಟ್ಟು ಹೋಗುತ್ತದೆ. ನಾನು ಬಾಯಿ ಬಿಟ್ಟರೆ ಗುಟ್ಟು ನನಗೆ ಗೊತ್ತೆಂದಾಗುತ್ತದೆ. ಇಡೀ ಊರು ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡು ನನ್ನನ್ನು ಹೂತಿದೆ.

ಭಾನುವಾರ ಬೆಳಿಗ್ಗೆ ನನ್ನ ಒಲೆಯಿಂದ ಕೆಂಡ ಒಯ್ಯಲು ಯಾರೂ ಬರಲಿಲ್ಲ. ನಾನು ಮಾಡಿಕೊಟ್ಟ ಮಡಕೆಗಳನ್ನು ಮೂರು ಮನೆಯವರು ತಂದು ಬಾಗಿಲಲ್ಲಿಟ್ಟು ಹೋದರು. ಸತ್ತವಳ ಮಡಕೆಯಲ್ಲಿ ನೀರು ಯಾರು ಕುಡಿಯುತ್ತಾರೆ? ಬರುವ ವರ್ಷ ಹೆಣ್ಣುಮಕ್ಕಳ ದೀಕ್ಷೆಗೆ ನಾನು ಮುಂದೆ ನಿಲ್ಲಬೇಕಿತ್ತು. "ಯಾರೋ ಬೇರೆಯವರನ್ನ ನೋಡ್ತಾ ಇದಾರೆ ಕಣೇ" ಎಂದು ಹೆಲೆನಾ ಹೇಳಿದಳು. ಅವಳೊಬ್ಬಳು ಬರುತ್ತಾಳೆ. ಬಂದು ನನ್ನ ಗುಣಗಾನ ಮಾಡುತ್ತಾಳೆ. "ಬದುಕಿದ್ದಾಗ ನಿನ್ನ ಬಾಯಿ ಜೋರಿತ್ತು, ಮನಸ್ಸು ಒಳ್ಳೇದಿತ್ತು" ಎಂದಳು. "ಮೊದಲನೆಯದು ಈಗಲೂ ಇದೆ, ಎದ್ದು ಹೋಗು" ಎಂದೆ.

ಮೊದಲ ಗಂಡಸು ಮರವನ್ನು ಕೆತ್ತಿ ಹೆಂಗಸಿಗೆ ಜೀವ ಕೊಟ್ಟ. ಇಲ್ಲೊಬ್ಬ ಜೀವಂತ ಹೆಂಗಸನ್ನು ಮರ ಮಾಡಿ ಜೀವ ತೆಗೆದಿದ್ದಾನೆ. ಯಾರೋ ನನಗೆ ಗೊತ್ತಿಲ್ಲ.

ದಿವಂಗತ ರುಫಿನಾ


ಮುವೇಡಾ ದಿಣ್ಣೆ
೨೮ ಸೆಪ್ಟೆಂಬರ್ ೧೯೯೭

ಚಿರಂಜೀವಿ ತಿಯೋಫಿಲೊನಿಗೆ ಲಿಪಾಂಗಾ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ಬೀಜ ತಲುಪಿತು. ಬಿತ್ತಿದೆವು. ಅದು ಒಣಗಿದ ತೆನೆಯ ಬೀಜ ಆಗಿರಬೇಕಿತ್ತು. ಹಸಿರು ತೆನೆಯದ್ದು ಕಳಿಸಿದ್ದೀಯ. ಎರಡೂ ಒಂದೇ ಅಚ್ಚು, ಗುಡಿಸಲ ಕತ್ತಲಲ್ಲಿ ನನ್ನ ಮುದಿ ಕಣ್ಣಿಗೆ ಗೊತ್ತಾಗಲಿಲ್ಲ. ಆ ತೆನೆ ಇನ್ನೂ ಹೊಲದಲ್ಲಿ ನಿಂತಿದೆ. ನಿಂತಿದ್ದಷ್ಟೇ ಅಲ್ಲ, ದಿನವೂ ನನ್ನನ್ನು ದುರುಗುಟ್ಟಿ ನೋಡುತ್ತಿದೆ.

ನಲವತ್ತು ವರ್ಷದಿಂದ ಈ ಕೆಲಸ ನೋಡಿಕೊಂಡಿದ್ದೇನೆ, ಇಂಥದ್ದು ಕಂಡಿಲ್ಲ. ಡೊಮಿಂಗೊಸ್ ಊಟ ಬಿಟ್ಟಿದ್ದಾನೆ. ಇದಕ್ಕೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ, ಹಿರಿಯರು ಹೇಳಿಕೊಟ್ಟಿಲ್ಲ. ಪತ್ರ ಓದಿ ಹರಿದುಹಾಕು.

ಲಿಪಾಂಗಾ


ದಾರ್ ಎಸ್ ಸಲಾಮ್
೧೯ ಅಕ್ಟೋಬರ್ ೧೯೯೭

ಅಜ್ಜಿಗೆ,

ಎರಡು ಪತ್ರವೂ ಒಂದೇ ದಿನ ಬಂದವು. ಐದು ಸಲ ಓದಿದೆ. ಚಂದೂಭಾಯಿ ನೀರು ತಂದುಕೊಟ್ಟ.

ಬೀಜ, ಜೋಳ, ಗಿರಾಕಿ ಎಲ್ಲ ಸಾಕು. ಗಿರಾಕಿ ಯಾರೂ ಇರಲಿಲ್ಲ. ನಿನಗೆ ಗೊತ್ತಿತ್ತು, ನಿನಗೆ ಗೊತ್ತಿದೆ ಎಂದು ನನಗೂ ಗೊತ್ತಿತ್ತು. ನಾನು ಅಮ್ಮನ ಮುಖ ಮಾಡಿದೆ. ಹುಡುಗರು ಹೊರಬರುವ ದಿನ ಅವಳು ಒಂದು ಸಲ ಊರಿಗೆ ಬಂದು ಕುಣಿದು ಹೋಗಲಿ ಎಂದು ಮಾಡಿದೆ. ಅವಳಿಗೆ ಗೋರಿ ಕೂಡ ಇಲ್ಲ.

ನಾನು ಕೆತ್ತಿದ್ದು ನೀನು ಬರೆದದ್ದನ್ನು. ನೀನು ಬರೆದದ್ದರಲ್ಲಿ ಒಂದು ಕೂದಲನ್ನೂ ನಾನು ಆಚೀಚೆ ಮಾಡಲಿಲ್ಲ. ಹಾಗಾದರೆ ಆ ಗೆರೆ ಯಾರದ್ದು? ಸೀನಿದ್ದು ಯಾರು?

ಊರು ನಿನ್ನನ್ನು ಕೊಂದದ್ದಕ್ಕೆ ನನಗೆ ದುಃಖವಿದೆ. ಆದರೆ ಮೊದಲು ಇದಕ್ಕೆ ಉತ್ತರ ಹೇಳು.

ತಿಯೋಫಿಲೊ


ಮುವೇಡಾ ದಿಣ್ಣೆ
೧೬ ನವೆಂಬರ್ ೧೯೯೭

ತಿಯೋಫಿಲೊನಿಗೆ,

ನೀನು 'ಹೆಂಡತಿಗೆ' ಎಂದು ಬರೆಯಲಿಲ್ಲ. ಸರಿಯಾಗಿಯೇ ಇದೆ.

ಸೀನಿದ್ದು ನಾನು. ಗೆರೆ ನನ್ನದು.

ನಿನ್ನ ಫೆಬ್ರವರಿಯ ಪತ್ರ ಓದಿ, ಇದೇನು ಮಹಾ, ಮಗಳ ಮುಖ ತಾನೇ ಎಂದು ಪೆನ್ನು ತೆಗೆದುಕೊಂಡು ಕೂತೆ. ನಿನ್ನ ಹಾಗೇ, ಕೂತವಳು ಕೂತೇ ಇದ್ದೆ. ನನ್ನ ಪೆಟ್ಟಿಗೆಯಲ್ಲೂ ತಳವೇ ಕಂಡಿತು. ಹಡೆದವಳು ನಾನು, ಇಪ್ಪತ್ತಮೂರು ವರ್ಷ ಕಣ್ಣೆದುರು ಇದ್ದ ಮುಖ. ದಿನವೂ ನೆನೆದೆ, ಇಪ್ಪತ್ತೈದು ವರ್ಷ ದಿನವೂ. ನೆನೆದೇ ಸವೆಸಿಬಿಟ್ಟೆ ಅನ್ನಿಸುತ್ತದೆ. ಓಡಾಡಿ ಓಡಾಡಿ ಕಾಲುದಾರಿಯಲ್ಲಿ ಹುಲ್ಲು ಸವೆಯುವ ಹಾಗೆ. ಯಾವತ್ತು ಪೂರ್ತಿ ಹೋಯಿತೋ ತಿಳಿಯಲೇ ಇಲ್ಲ. ನೀನು ಕೇಳಿದ ದಿನ ಗೊತ್ತಾಯಿತು.

ಯಾರನ್ನು ಕೇಳಲಿ? "ಹೆಲೆನಾ, ನನ್ನ ಮಗಳು ಹೇಗಿದ್ದಳು ಸ್ವಲ್ಪ ಹೇಳೇ" ಎಂದು ಕೇಳಲು ಯಾವ ತಾಯಿಗೆ ಬಾಯಿ ಬರುತ್ತದೆ? ಅವಳು ನನ್ನ ಅಚ್ಚು ಎಂದು ಎಲ್ಲರೂ ಹೇಳುತ್ತಿದ್ದರು. ಕೊಡದ ನೀರಿನಲ್ಲಿ ಬಗ್ಗಿ ನನ್ನ ಮುಖ ನೋಡಿಕೊಂಡೆ. ಸುಕ್ಕುಗಳನ್ನು ಒಂದೊಂದಾಗಿ ತೆಗೆದೆ. ಉಳಿದದ್ದು ಮರ್ಸೆಲಾ ಎಂದು ಬರೆದೆ. ಆ ಗೆರೆ ಬರೆಯುವಾಗ ಅದು ನನ್ನದೆಂದು ಹೊಳೆಯಲೇ ಇಲ್ಲ. ಅವಳು ಸೀನಿದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಕಣ್ಣಿಗೆ ಕಟ್ಟಿದ್ದು ಕಣ್ಣುಪಟ್ಟಿ. ಬಯಲಲ್ಲಿ ನಿಂತಾಗ ಅದು ಬಿಚ್ಚಿತು. ಮರ ಮರೆಯುವುದಿಲ್ಲ, ನೋಡು. ಮರೆತವಳು ನಾನು, ಅದು ಎಲ್ಲರ ಮುಂದೆ ನಿಜ ಹೇಳಿತು.

ಇನ್ನೊಂದು ಇದೆ. ಬರೆಯದಿದ್ದರೆ ನಡೆಯುತ್ತದೆ, ನೀನೆಂದೂ ತಿಳಿಯಲಾರೆ. ಆದರೆ ಒಂದು ಸುಳ್ಳು ನನ್ನನ್ನು ಕೊಂದಿದೆ, ಇನ್ನೊಂದಕ್ಕೆ ನನ್ನಲ್ಲಿ ಜೀವ ಉಳಿದಿಲ್ಲ. ಯುದ್ಧದ ಆ ವರ್ಷಗಳಲ್ಲಿ ಮರ್ಸೆಲಾ ಹೋರಾಟಗಾರರಿಗೆ ತಲೆಯ ಮೇಲೆ ಸಾಮಾನು ಹೊರುತ್ತಿದ್ದಳು. ಮಗುವನ್ನು ಕಟ್ಟಿಕೊಂಡರೆ ನಡೆಯಲಾಗುತ್ತಿರಲಿಲ್ಲ. ನೀನು ಇದ್ದದ್ದು ನನ್ನ ಬೆನ್ನ ಮೇಲೆ. ವಿಮಾನ ಬಂದ ದಿನವೂ.

ಕತ್ತಿನ ಹಿಂದಿನ ಮಚ್ಚೆ ನನ್ನದು, ಮಗೂ.

ರುಫಿನಾ


ಮುವೇಡಾ ದಿಣ್ಣೆ
೫ ಜುಲೈ ೧೯೯೮

ತಿಯೋಫಿಲೊನಿಗೆ,

ಏಳು ತಿಂಗಳಿಂದ ನಿನ್ನ ಕಾಗದವಿಲ್ಲ. ಮಳೆಗೆ ಲಾರಿ ನಿಂತಿತ್ತು ಎಂದು ಮೊದಮೊದಲು ಅಂದುಕೊಂಡೆ. ಮಳೆ ಮುಗಿದ ಮೇಲೆ ಕಸ್ಸಿಮು ನಾಲ್ಕು ಸಲ ಬಂದುಹೋದ. "ಅವನು ಆನೆ ಕೆತ್ತುತ್ತಾ ಇದಾನಜ್ಜೀ, ಬರೀ ಆನೆ" ಎಂದ. ಅಷ್ಟು ತಿಳಿಯಿತು, ಸಾಕು.

ನೀನು ಓದುತ್ತೀಯೋ ಇಲ್ಲವೋ, ನಾನು ಬರೆಯುತ್ತೇನೆ. ಸತ್ತವಳಿಗೆ ಬಿಡುವು ಬಹಳ.

ಮೇ ತಿಂಗಳಲ್ಲಿ ಹೆಲೆನಾ ಒಂದು ಬೆಳಿಗ್ಗೆ ಬಂದು ಎದುರಿಗೆ ಕೂತಳು. "ನಮ್ಮ ಮೊದಲಜ್ಜಿ ಮೊದಲು ಏನಾಗಿದ್ದಳು?" ಎಂದಳು.

"ಮರ."

"ಆಮೇಲೆ?"

"ಹೆಂಗಸು."

"ಹಾಗಾದ್ರೆ ಮರದೊಳಗೆ ಹೋದವಳು ಮರದಿಂದ ಎದ್ದೂ ಬರಬಹುದು. ಬಂದದ್ದುಂಟು. ಏಳು, ಸ್ನಾನ ಮಾಡು. ಏಳು ತಿಂಗಳಿಂದ ವಾಸನೆ ಹೊಡೀತಿದೀಯ, ಹೆಣದ ಹಾಗೆ."

ಅವಳ ಜೊತೆ ಹನ್ನೊಂದು ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ, ಆದರೆ ಬಂದಿದ್ದರು. ಕೆಳಗೆ ಹೊಳೆಯ ದಂಡೆಗೆ ಇಳಿಸಿದರು. ಅಲ್ಲಿ ಒಂದು ಸ್ನಾನ. ಇಳಿಜಾರಿನ ನಡುವೆ ಒಂದು, ದಿಣ್ಣೆಯ ನೆತ್ತಿಯಲ್ಲಿ ಇನ್ನೊಂದು.

ಕೆಳಗೆ ಮೊದಲ ಸ್ನಾನಕ್ಕೆ ಹೆಂಗಸರು ನೀರು ಸೋಸುತ್ತಿದ್ದಾಗ ನಾನು ದಂಡೆಯಲ್ಲಿ ಕೂತಿದ್ದೆ. ನಮ್ಮ ಮಡಕೆಯ ಮಣ್ಣು ಅಲ್ಲಿಯದೇ. ತಿಂಗಳುಗಟ್ಟಲೆ ಮುಟ್ಟಿರಲಿಲ್ಲ. ಕೈ ತಾನಾಗಿಯೇ ಒಂದು ಮುದ್ದೆ ತೆಗೆದುಕೊಂಡು ನಾದತೊಡಗಿತು. ನಾನು ನೀರಿನ ಕಡೆ ನೋಡುತ್ತಿದ್ದೆ, ಏನು ಮಾಡುತ್ತಿದ್ದೇನೆಂದು ನೋಡಲಿಲ್ಲ. ಹೆಬ್ಬೆರಳು ಒಂದು ಕಡೆ ಒತ್ತಿತು. ಅಂಗೈ ಒಂದು ಕಡೆ ಸವರಿತು. ಚಿಕ್ಕ ಮಕ್ಕಳ ಮುಖ ತೊಳೆಯುವಾಗ ಕೈ ಹೀಗೇ ಹೋಗುತ್ತದೆ. ಹಣೆಯಿಂದ ಕೆಳಕ್ಕೆ, ಮೂಗಿನ ಪಕ್ಕ, ಕಿವಿಯ ಹಿಂದೆ, ಗದ್ದ ಹಿಡಿದು ಎತ್ತಿ.

ಹೆಲೆನಾ ನೀರು ತಂದವಳು ನನ್ನ ಮಡಿಲು ನೋಡಿ ಕೊಡ ಕೆಳಗಿಟ್ಟಳು. ಇಟ್ಟದ್ದಲ್ಲ, ಬಿದ್ದಿತು. ಅವಳು ಒಂದು ಹೆಸರು ಹೇಳಿದಳು. ಆ ಹೆಸರು ನನ್ನದಲ್ಲ.

ಆಮೇಲೆ ಹನ್ನೊಂದು ಜನವೂ ಬಂದು ನೋಡಿದರು. ಆ ಹೆಸರನ್ನು ಹನ್ನೊಂದು ಸಲ ಕೇಳಿದೆ. ಎದೆಗೆ ಯಾರೋ ಒನಕೆಯಿಂದ ಕುಟ್ಟಿದ ಹಾಗಾಯಿತು. ಕಣ್ಣು ಮರೆತದ್ದನ್ನು ಕೈ ಮರೆತಿರಲಿಲ್ಲ, ತಿಯೋಫಿಲೊ. ಇಷ್ಟು ವರ್ಷ ನಾನು ತಪ್ಪು ಪೆಟ್ಟಿಗೆ ತೆರೆಯುತ್ತಿದ್ದೆ.

ಮೂರು ಸ್ನಾನವೂ ಮುಗಿಯಿತು. ನೆತ್ತಿಯ ಮೇಲೆ ನೀರು ತಣ್ಣಗೆ ಕೊರೆಯುತ್ತಿತ್ತು. "ಬಂತಾ ಜೀವ?" ಎಂದು ಹೆಲೆನಾ ಕೇಳಿದಳು. "ಚಳಿ ಬಂತು, ಜೀವ ಹಿಂದಿನಿಂದ ಬರ್ತಾ ಇರಬಹುದು" ಎಂದೆ. ಮಾರನೆಯ ಬೆಳಿಗ್ಗೆ ಯಾರೋ ಬಾಗಿಲಲ್ಲಿ ಕೆಮ್ಮಿದರು. ಲಿಪಾಂಗಾ. ಹಂಚಿನ ಚೂರು ಹಿಡಿದು ನಿಂತಿದ್ದ.

"ರುಫಿನಾ, ಒಂದು ಕೆಂಡ ಕೊಡು."

"ಯಾವ ರುಫಿನಾ? ಸತ್ತವಳಾ?"

"ಬಯ್ಯೋಳು."

ಕೊಟ್ಟೆ. ಕಾಡಿನ ಗುಡಿಸಲಲ್ಲಿ ಒಂದು ವಸ್ತು ಹಳೆಯದಾಗಿತ್ತು, ಅದನ್ನು ಸುಟ್ಟೆವು ಎಂದು ಗೋಡೆಗೆ ಹೇಳಿದ. ಯಾವ ವಸ್ತು ಎಂದು ಗೋಡೆ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಜೂನ್‌ನಲ್ಲಿ ಹೆಣ್ಣುಮಕ್ಕಳ ದೀಕ್ಷೆಗೆ ನಾನೇ ಮುಂದೆ ನಿಂತೆ. ಅಲ್ಲಿ ಏನು ಕುಣಿಯಿತು, ಅದಕ್ಕೆ ಯಾವ ಮುಖವಿತ್ತು ಎಂಬುದು ಗಂಡಸರಿಗೆ ಹೇಳುವಂಥದ್ದಲ್ಲ. ನಮ್ಮಲ್ಲೂ ಏನೋ ಒಂದು ಬರುತ್ತದೆ, ಅದು ಎಲ್ಲಿಂದ ಬರುತ್ತದೋ ನಿಮಗೆ ಗೊತ್ತಿಲ್ಲ. ಗೊತ್ತಿರಲೂ ಬಾರದು. ಮುಗಿದ ಮೇಲೆ ಅದನ್ನು ಒಡೆದು ಹೊಳೆಗೆ ಬಿಡಬೇಕು. ಬಿಟ್ಟೆವು. ನಾನೇ ಬಿಟ್ಟೆ.

ಸ್ವಲ್ಪ ಮಣ್ಣು ಉಳಿದಿತ್ತು. ಒಂದು ನೀರಿನ ಕೊಡ ಮಾಡಿ ಸುಟ್ಟು ಕಸ್ಸಿಮುವಿನ ಕೈಯಲ್ಲಿ ಕಳಿಸಿದ್ದೇನೆ. ಅದು ಕೊಡ. ಕೊಡ ಮಾತ್ರ. ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ, ಯಾರಾದರೂ ಕೇಳಿದರೆ ಹಾಗೇ ಹೇಳು. ಕಂಠದ ಸುತ್ತ ಒಂದಿಷ್ಟು ಗೆರೆ ಇವೆ, ನಮ್ಮ ಕೊಡಗಳಿಗೆಲ್ಲ ಇರುತ್ತವೆ. ಕೊಡವನ್ನು ಒಳ್ಳೆಯ ನೀರಿನಲ್ಲಿ ತೊಳೆ. ಕಣ್ಣು ಮುಚ್ಚಿಕೊಂಡು ತೊಳೆ.

ರುಫಿನಾ


ದಾರ್ ಎಸ್ ಸಲಾಮ್
೨ ಆಗಸ್ಟ್ ೧೯೯೮

ನನ್ನ ಹೆಂಡತಿಗೆ,

ನವೆಂಬರಿನ ಪತ್ರ ಬಂದ ದಿನದಿಂದ ನಾನು ಆನೆ ಬಿಟ್ಟು ಬೇರೆ ಏನೂ ಕೆತ್ತಿಲ್ಲ. ನೂರಾರು ಆನೆ. ಆನೆ ಒಳ್ಳೆಯದು, ಅದಕ್ಕೆ ಯಾರ ಅಮ್ಮನ ಮುಖವೂ ಬೇಕಾಗಿಲ್ಲ. ಸೀನು ಬಂದರೆ ಮೂಗು ಹಿಡಿದುಕೊಳ್ಳುತ್ತಿದ್ದೆ. ನಿನ್ನ ಮೇಲೆ ಸಿಟ್ಟಿತ್ತು. ಮಚ್ಚೆಯನ್ನೂ ಕಿತ್ತುಕೊಂಡೆಯಲ್ಲ ಎಂದು ಇನ್ನೂ ಹೆಚ್ಚು ಸಿಟ್ಟು.

ಕೊಡ ಬಂತು. ಬಾಯಿಯ ಅಂಚು ಚೂರು ಮುಕ್ಕಾಗಿದೆ, ದಾರಿಯ ತಪ್ಪು, ಕಸ್ಸಿಮುವಿನದ್ದಲ್ಲ. ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ಚಪ್ಪರದ ಹಿಂದಿನ ನಲ್ಲಿಯ ಕೆಳಗೆ ಕೂತು, ನೀನು ಹೇಳಿದ ಹಾಗೆ, ತೊಳೆದೆ.

ನನಗೆ ಏನೂ ಗೊತ್ತಿಲ್ಲ. ನಾನು ಗಂಡಸು, ಹೆಂಗಸರ ವಿಷಯ ನನಗೆ ತಿಳಿಯದು. ಒಂದು ಕೊಡ ತೊಳೆದೆ, ಅಷ್ಟನ್ನು ಮಾತ್ರ ಹೇಳುತ್ತೇನೆ.

ಕೊಡದ ಕಂಠ ಒಂದು ಕಡೆ ಸ್ವಲ್ಪ ಮುಂದೆ ಬಂದಿದೆ. ಅದರ ಕೆಳಗೆ ಎರಡು ತಗ್ಗು. ನೀನು ಬರೆದದ್ದಕ್ಕಿಂತ ಹತ್ತಿರ ಹತ್ತಿರ ಇವೆ. ಎರಡೂ ಪಕ್ಕದಲ್ಲಿ ಮೂರು ಮೂರು ಗೆರೆ. ಎಡಗಡೆಯ ಮೂರನೆಯದಕ್ಕೆ ಬಂದಾಗ ನನ್ನ ಹೆಬ್ಬೆರಳು ನಿಂತಿತು. ಮುಂದೆ ಹೋಗಲು ಧೈರ್ಯ ಬರಲಿಲ್ಲ. ನೀರು ಸುರಿಯುತ್ತಲೇ ಇತ್ತು. ಆಮೇಲೆ ಹೋದೆ. ಮೊದಲಿಂದ ಕೊನೆಯವರೆಗೆ ಹೋದೆ, ವಾಪಸು ಬಂದೆ, ಮತ್ತೆ ಹೋದೆ.

ಗೆರೆ ತುಂಡಾಗಿಲ್ಲ. ಎಲ್ಲೂ ಜಾರಿಲ್ಲ.

ಅವಳು ಸೀನಿರಲಿಲ್ಲ, ಅಜ್ಜೀ. ಕತ್ತಿ ಕೆನ್ನೆಯ ಮೇಲೆ ಹರಿಯುವಾಗ ಉಸಿರು ಬಿಗಿಹಿಡಿದು ಕೂತಿದ್ದಳು. ಒಂದಿಷ್ಟೂ ಅಲುಗಾಡಲಿಲ್ಲ.

ಚಂದೂಭಾಯಿ ಬಾಗಿಲಿಗೆ ಬಂದು ನೋಡಿದ. "ಕೊಡ ತೊಳೀತಿದೀಯಾ, ಮುಖ ತೊಳೀತಿದೀಯಾ?" ಎಂದ. ನನ್ನ ಮುಖವೂ ನೆನೆದಿತ್ತು, ಅದಕ್ಕೇ ಕೇಳಿದ.

"ಮುಖ" ಎಂದೆ.

ಮುಂದಿನ ಲಾರಿಗೆ ನಾನೇ ಬರುತ್ತಿದ್ದೇನೆ. ನನ್ನನ್ನು ಕಂಡು ಚೀರಿ ಓಡಬೇಡ. ಬಾಗಿಲಲ್ಲಿ ಬೆನ್ನು ತಿರುಗಿಸಿ ಕೂತಿರು, ನಾನು ಮೊದಲು ಆ ಮಚ್ಚೆಯನ್ನು ನೋಡಬೇಕು.

ಏನೂ ಗೊತ್ತಿಲ್ಲದ ನಿನ್ನ ಗಂಡ,
ತಿಯೋಫಿಲೊ